ಡೀಲರ್ ಮುಂದೆ ನಾಲಿಗೆ ಹೊರಳಲ್ಲ, ಸೈಕಾಲಜಿ ಟ್ರಿಕ್ ಏನಾದರೂ ಇದೆಯಾ?

ಹೊಸದಾಗಿ ಸೇಲ್ಸ್ ಕೆಲಸಕ್ಕೆ ಸೇರಿದ್ದೀರಿ, ಡೀಲರ್ ಮುಂದೆ, ರೈತರ ಮುಂದೆ ನಿಂತರೆ ಮಾತೇ ಬರಲ್ಲ, ಜನ ಒಪ್ಪುವ ಹಾಗೆ ಮಾತಾಡೋಕೆ ಟ್ರಿಕ್ ಹೇಳಿ ಅಂತ ಕೇಳಿದ್ದೀರಿ. ಸೊಂಟದ ಮೇಲೆ ಕೈ ಇಟ್ಟು ಎರಡು ನಿಮಿಷ ನಿಂತರೆ ಧೈರ್ಯ ಬರುತ್ತೆ, ಮಾತಿನಲ್ಲಿ ಪದಗಳ ಪಾಲು ಬರೀ 7 ಪರ್ಸೆಂಟ್ ಅಂತ ವಿಡಿಯೋದಲ್ಲಿ ನೋಡಿದ್ದನ್ನೂ ಬರೆದಿದ್ದೀರಿ.

ಮೊದಲು ಆ ವಿಡಿಯೋದ ವಿಷಯ ಮುಗಿಸೋಣ.

ಸೊಂಟದ ಮೇಲೆ ಕೈ ಇಡುವ ಕಥೆ ಶುರುವಾಗಿದ್ದು ಅಮೆರಿಕದಲ್ಲಿ 2010ರಲ್ಲಿ 42 ಜನರ ಮೇಲೆ ಮಾಡಿದ ಒಂದು ಪ್ರಯೋಗದಿಂದ. 2015ರಲ್ಲಿ ಬೇರೆಯವರು 200 ಜನರ ಮೇಲೆ ಅದನ್ನೇ ಮಾಡಿ ನೋಡಿದರು. ಅಂಥ ಗತ್ತಿನ ಭಂಗಿಯಲ್ಲಿ ಇದ್ದವರಿಗೆ ಧೈರ್ಯ ಬಂದ ಹಾಗೆ ಅನ್ನಿಸಿತ್ತು ಅಷ್ಟೆ, ಹಾರ್ಮೋನೂ ಬದಲಾಗಲಿಲ್ಲ, ನಡವಳಿಕೆಯೂ ಬದಲಾಗಲಿಲ್ಲ. ಮೊದಲ ಪ್ರಯೋಗ ಮಾಡಿದವರಲ್ಲಿ ಒಬ್ಬರಾದ ಡೇನಾ ಕಾರ್ನಿ 2016ರಲ್ಲಿ ತಾವೇ ಇದನ್ನು ನಂಬುವುದಿಲ್ಲ ಅಂತ ಬರೆದರು. 7 ಪರ್ಸೆಂಟ್ ಲೆಕ್ಕ 1967ರದ್ದು, ಆಲ್ಬರ್ಟ್ ಮೆಹ್ರಾಬಿಯನ್ ಅವರದ್ದು. ಅದು ಒಂಟಿ ಪದ ಹೇಳುವಾಗ ದನಿ, ಮುಖ ನೋಡಿ ಇವರಿಗೆ ನಾವು ಇಷ್ಟವೋ ಇಲ್ಲವೋ ಅಂತ ಊಹಿಸುವ ಪ್ರಯೋಗ. ಎಲ್ಲ ಮಾತಿಗೂ ಅದೇ ಲೆಕ್ಕ ಹಾಕುವ ಹಾಗಿದ್ದರೆ, ತೆಲುಗು ಮಾತು ಜಾಸ್ತಿ ಇರುವ ನಮ್ಮ ಚಿಂತಾಮಣಿಗೆ ತೆಲುಗು ಬಾರದೆ ವರ್ಗವಾಗಿ ಬಂದ ಆಫೀಸರುಗಳಿಗೆ ಇಲ್ಲಿನ ಸಂತೆಯಲ್ಲಿ 93 ಪರ್ಸೆಂಟ್ ಮಾತು ಅರ್ಥವಾಗಿಬಿಡಬೇಕಿತ್ತು.

ಈಗ ನನ್ನ ಅನುಭವಕ್ಕೆ ಬರ್ತೀನಿ. ನಾನು ಚಿಂತಾಮಣಿಯಲ್ಲಿ ಬೋರ್‌ವೆಲ್ ಮೋಟರ್ ಅಂಗಡಿಯ ಕೌಂಟರಲ್ಲಿ ಕೂರುವವನು. ನಮ್ಮಲ್ಲಿಗೆ ಖುಷಿಯಾಗಿ ಬರುವ ಗಿರಾಕಿ ಕಮ್ಮಿ. ಮೋಟರ್ ಸುಟ್ಟಿರುತ್ತೆ, ಇಲ್ಲ ನೀರು ಇನ್ನೂ ಕೆಳಗೆ ಹೋಗಿರುತ್ತೆ. ಹಾಗಾಗಿ ದಿನಾ ಇದೇ ಪರೀಕ್ಷೆ.

ಎಲೆನ್ ಲ್ಯಾಂಗರ್ ಅನ್ನುವ ಮನಶ್ಶಾಸ್ತ್ರಜ್ಞೆ 1978ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಝೆರಾಕ್ಸ್ ಮಷಿನ್ ಹತ್ತಿರ ಇರುವವರನ್ನು 'ನನ್ನದು ಐದು ಪುಟ, ಮೊದಲು ನಾನು ತೆಗೆದುಕೊಳ್ಳಲಾ' ಅಂತ ಕೇಳಿದರೆ 60 ಪರ್ಸೆಂಟ್ ಜನ ಬಿಟ್ಟರು. 'ಅರ್ಜೆಂಟ್ ಇದೆ' ಅಂತ ಕಾರಣ ಸೇರಿಸಿದರೆ 94. ತಮಾಷೆ ಏನಂದರೆ, 'ಯಾಕಂದ್ರೆ ಕಾಪಿ ತೆಗೀಬೇಕು' ಅನ್ನುವ ಅರ್ಥವಿಲ್ಲದ ಕಾರಣಕ್ಕೂ 93 ಪರ್ಸೆಂಟ್ ಜನ ಬಿಟ್ಟರು! ಟ್ರಿಕ್ ಹೇಳಿಕೊಡುವವರು ಇಲ್ಲಿಗೆ ನಿಲ್ಲಿಸಿ, 'ಯಾಕಂದ್ರೆ ಅನ್ನೋ ಪದ ಸೇರಿಸಿ, ಸಾಕು' ಅಂತಾರೆ. ಮುಂದಿನ ಅರ್ಧ ಹೇಳಲ್ಲ. ಐದು ಪುಟದ ಜಾಗದಲ್ಲಿ ಇಪ್ಪತ್ತು ಪುಟ ಅಂದಾಗ, ಆ ಖಾಲಿ ಕಾರಣ ಏನೂ ಕೆಲಸ ಮಾಡಲಿಲ್ಲ. ಕಾರಣ ಹೇಳದಿದ್ದರೂ 24, ಖಾಲಿ ಕಾರಣಕ್ಕೂ 24. ಅರ್ಜೆಂಟ್ ಅಂದವರಿಗೆ ಮಾತ್ರ 42.

ನನಗೆ ಇದರಲ್ಲಿ ಕಾಣುವುದು ಇಷ್ಟು. ಕೇಳುವುದು ಸಣ್ಣದಾಗಿದ್ದರೆ ಜನ ಯೋಚನೆ ಮಾಡಲ್ಲ, ಟ್ರಿಕ್ ನಡೆಯುತ್ತೆ. ಜೇಬಿಗೆ ಕೈ ಹಾಕಬೇಕು ಅಂದ ತಕ್ಷಣ ಕಿವಿ ನೆಟ್ಟಗಾಗುತ್ತೆ. ನೀವು ಡೀಲರ್ ಹತ್ತಿರ ಕೇಳುತ್ತಿರುವುದು ಇಪ್ಪತ್ತು ಪುಟ. ಅಲ್ಲಿ ನಿಜವಾದ ಕಾರಣ ಬೇಕು, ಆಮೇಲೆ ಎದುರಿನವರ ಮರ್ಯಾದೆ ಉಳಿಯಬೇಕು. ಎರಡನೆಯದೇ ಜಾಸ್ತಿ ಮುಖ್ಯ ಅಂತೀನಿ.

ಒಂದು ಉದಾಹರಣೆ ಕೊಡ್ತೀನಿ. ರೈತರೊಬ್ಬರು ಬಂದು ಕೌಂಟರ್ ಗುದ್ದಿದರು. 'ಏನಪ್ಪ, ಮೊನ್ನೆ ಹಾಕಿಸ್ಕೊಂಡು ಹೋಗಿದ್ದು, ಆಗ್ಲೇ ಸುಟ್ಟೋಯ್ತಲ್ಲ. ಎಂಥ ಮಾಲು ಕೊಡ್ತೀರ ನೀವು?' ಅಂಗಡಿ ತುಂಬ ಜನ. ಇಂಥದ್ದು ಯಾಕಾಗುತ್ತೆ ಅಂತ ಮುಕ್ಕಾಲು ಪಾಲು ನಮಗೆ ಗೊತ್ತಿರುತ್ತೆ. ರಾತ್ರಿ ಹೊತ್ತು ತ್ರೀ ಫೇಸ್ ಬಂದಾಗ ಎದ್ದು ಹೋಗೋದು ಕಷ್ಟ ಅಂತ ಕರೆಂಟ್ ಬಂದ ತಕ್ಷಣ ತಾನೇ ಮೋಟರ್ ಆನ್ ಮಾಡುವ ಆಟೋ ಸ್ಟಾರ್ಟರ್ ಹಾಕಿರುತ್ತಾರೆ. ಪ್ಯಾನೆಲ್ ಬೋರ್ಡಲ್ಲಿ, ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಪ್ರಿವೆಂಟರ್ ಪದೇ ಪದೇ ಟ್ರಿಪ್ ಆಗುತ್ತೆ ಅಂತ ಅದನ್ನು ತಪ್ಪಿಸಿ ಡೈರೆಕ್ಟ್ ಕೊಟ್ಟಿರುತ್ತಾರೆ. ಒಂದು ಫೇಸ್ ಹೋದರೂ ಮೋಟರ್ ಓಡುತ್ತಲೇ ಇರುತ್ತೆ, ಬಿಸಿಯಾಗಿ ಒಳಗಿನ ತಂತಿ ಸುತ್ತು, ಅಂದರೆ ವೈಂಡಿಂಗ್, ಸುಡುತ್ತೆ. ಆದರೆ ಅಷ್ಟು ಜನರ ಮುಂದೆ 'ನೀವು ಡೈರೆಕ್ಟ್ ಕೊಟ್ಟಿದ್ದೀರ' ಅಂದರೆ ಮುಗೀತು. ನಿಜವೇ ಇರಲಿ, ಅವರು ಒಪ್ಪಲ್ಲ. ಒಪ್ಪಬಾರದು ಕೂಡ, ಮರ್ಯಾದೆ ಪ್ರಶ್ನೆ.

ನಾನು ಕೇಳಿದ್ದು, 'ಬೆಳೆ ಏನಿದೆ ಯಜಮಾನ್ರೆ?'

'ಟಮೋಟ. ಹೂ ಬಿಟ್ಟದೆ.'

'ಹೂ ಬಿಟ್ಟಿರೋ ಟೈಮಲ್ಲಿ ನೀರು ನಿಂತ್ರೆ ಉದುರೋಗುತ್ತಲ್ವಾ? ಈಗ ಪಕ್ಕದ ತೋಟದಿಂದ ಏನಾದ್ರೂ ಬಿಡಿಸ್ಕೊಂಡಿದ್ದೀರಾ?'

'ನಮ್ಮ ತಮ್ಮನ ಬೋರಿಂದ ಒಂದು ಗಂಟೆ ಬಿಡ್ತವನೆ.'

ಅಷ್ಟಕ್ಕೇ ದನಿ ಇಳಿದಿತ್ತು. ಆಮೇಲೆ ಒಳಗೆ ಕರೆದುಕೊಂಡು ಹೋಗಿ, ಸುಟ್ಟ ವೈಂಡಿಂಗ್ ತೋರಿಸಿ, 'ಬೋರ್ಡ್ ಈಗ ಹೆಂಗಿದೆ, ಟ್ರಿಪ್ ಆಗ್ತಿತ್ತಾ?' ಅಂದೆ. 'ಆಗ್ತಿತ್ತು, ಅದಕ್ಕೇ ಎಲೆಕ್ಟ್ರಿಷಿಯನ್ ಡೈರೆಕ್ಟ್ ಕೊಟ್ಟ' ಅಂತ ಅವರೇ ಹೇಳಿದರು. ತಪ್ಪು ಎಲೆಕ್ಟ್ರಿಷಿಯನ್ ಮೇಲೆ ಹೋಯಿತು, ಹೋಗಲಿ ಬಿಡಿ. ನನಗೆ ಬೇಕಿದ್ದು ಹೊಸ ಪ್ರಿವೆಂಟರ್ ಹಾಕಿಸುವುದು, ಹಾಕಿಸಿದರು.

ಇಲ್ಲಿ ಗಮನಿಸಬೇಕಾದ್ದು ಎರಡನೇ ಪ್ರಶ್ನೆ. ಮೊದಲನೆಯದನ್ನು ಯಾರು ಬೇಕಾದರೂ ಕೇಳುತ್ತಾರೆ, ಬರೀ ಉಪಚಾರ. ಅವರು ಕೊಟ್ಟ ಉತ್ತರ ಹಿಡಿದುಕೊಂಡು ಇನ್ನೊಂದು ಕೇಳಿದಾಗಲೇ ಇವನು ಕೇಳಿಸಿಕೊಂಡ ಅಂತ ಅವರಿಗೆ ಗೊತ್ತಾಗುವುದು. ಹಾರ್ವರ್ಡಿನವರು 2017ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು. ಉತ್ತರದ ಬೆನ್ನಿಗೆ ಪ್ರಶ್ನೆ ಕೇಳುವವರನ್ನು ಜನ ಜಾಸ್ತಿ ಇಷ್ಟಪಟ್ಟಿದ್ದರು. ನಾಲಿಗೆ ಹೊರಳದವರಿಗೆ ಇದು ಇನ್ನೂ ಅನುಕೂಲ, ನೀವು ಮಾತಾಡಬೇಕಾದ್ದೇ ಕಮ್ಮಿ!

ಮರ್ಯಾದೆ ಅಂದಾಗ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ ನೆನಪಾಗುತ್ತೆ. ಅಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡುತ್ತಾರೆ. ಸುತ್ತ ನಿಂತವರಿಗೆ ನಂಬರ್ ಗೊತ್ತಾಗಲ್ಲ. ವ್ಯಾಪಾರ ಕುದುರದಿದ್ದರೆ ಇಷ್ಟಕ್ಕೆ ಇಳಿದಿದ್ದ ಅಂತ ಯಾರೂ ಆಡಿಕೊಳ್ಳುವ ಹಾಗಿಲ್ಲ. ನೀವೂ ಡೀಲರ್ ಜೊತೆ ಕಮಿಷನ್, ಡಿಸ್ಕೌಂಟ್ ವಿಷಯವನ್ನು ಅವರ ಹುಡುಗರ ಮುಂದೆ, ಗಿರಾಕಿಗಳ ಮುಂದೆ ಎತ್ತಬೇಡಿ. ಹೊರಗೆ ಟೀಗೆ ಕರೆಯಿರಿ.

ಬಾಕಿ ವಸೂಲಿಗೆ ಬೇರೆ ದಾರಿ ಇದೆ. 1966ರಲ್ಲಿ ಫ್ರೀಡ್‌ಮನ್, ಫ್ರೇಸರ್ ಅನ್ನುವವರು ಕ್ಯಾಲಿಫೋರ್ನಿಯಾದಲ್ಲಿ ಮನೆ ಮುಂದೆ 'ಹುಷಾರಾಗಿ ಗಾಡಿ ಓಡಿಸಿ' ಅಂತ ದೊಡ್ಡ, ಅಂದಗೆಟ್ಟ ಬೋರ್ಡ್ ನೆಡಲು ಕೇಳಿದರು. ಸುಮ್ನೆ ಹೋಗಿ ಕೇಳಿದಾಗ ಒಪ್ಪಿದ್ದು ಸುಮಾರು 17 ಪರ್ಸೆಂಟ್. ಎರಡು ವಾರ ಮುಂಚೆ ಅದೇ ವಿಷಯದ ಪುಟ್ಟ ಚೀಟಿ ಅಂಟಿಸಲು ಒಪ್ಪಿದ್ದವರಲ್ಲಿ 76. ಸಣ್ಣದಕ್ಕೆ ಹೂಂ ಅಂದವರು ದೊಡ್ಡದಕ್ಕೂ ಒಪ್ಪುತ್ತಾರೆ ಅಂತ, ನಾವು ಅಂಗಡಿಯಲ್ಲಿ ಮೊದಲೇ ಪೂರ್ತಿ ಬಾಕಿ ಕೇಳುವುದಿಲ್ಲ. 'ಐನೂರಾದ್ರೂ ಜಮಾ ಮಾಡಿ, ಮಿಕ್ಕಿದ್ದಕ್ಕೆ ತಾರೀಕು ನೀವೇ ಹೇಳಿ' ಅಂತೀವಿ. ಅವರು ಹೇಳಿದ ತಾರೀಕನ್ನು ಅವರ ಮುಂದೆಯೇ ಪುಸ್ತಕದಲ್ಲಿ ಬರೆಯುತ್ತೇವೆ. ನಾವು ಹೇಳಿದ ತಾರೀಕಿಗಿಂತ ಅವರು ಹೇಳಿದ ತಾರೀಕಿಗೆ ದುಡ್ಡು ಬರುವುದು ಜಾಸ್ತಿ. ಅಂದಹಾಗೆ, ಚೈನ್ ಸ್ಕೀಮಿನವರು 'ಬರೀ ಮೀಟಿಂಗಿಗೆ ಬನ್ನಿ' ಅಂತ ಕರೆಯುವುದೂ ಇದೇ ಲೆಕ್ಕ. ಆ ಕಡೆ ತಲೆ ಹಾಕಬೇಡಿ.

ಧೈರ್ಯದ ಮಾತಿಗೆ ಬಂದರೆ, ನೀವು ತಡವರಿಸಿದ್ದು ನಿಮಗೆ ಕಂಡಷ್ಟು ಬೇರೆಯವರಿಗೆ ಕಾಣಲ್ಲ. 2000ದಲ್ಲಿ ಪ್ರಕಟವಾದ ಕಾರ್ನೆಲ್ ಯೂನಿವರ್ಸಿಟಿಯ ಪ್ರಯೋಗದಲ್ಲಿ ಹುಡುಗರಿಗೆ ಮುಜುಗರವಾಗುವಂಥ ಚಿತ್ರದ ಟೀ ಶರ್ಟ್ ಹಾಕಿಸಿ ರೂಮಿಗೆ ಕಳಿಸಿದರು. ಅರ್ಧ ಜನ ನೋಡಿರುತ್ತಾರೆ ಅಂದುಕೊಂಡರು ಅವರು. ನಿಜವಾಗಿ ಗಮನಿಸಿದ್ದು ಕಾಲು ಭಾಗದಷ್ಟು ಜನ. ಡೀಲರ್ ತಲೆಯಲ್ಲಿ ಅವನ ಚೆಕ್ಕು, ಅವನ ಸ್ಟಾಕು ಓಡುತ್ತಿರುತ್ತೆ, ನಿಮ್ಮ ತೊದಲು ಅಲ್ಲ. ಇನ್ನು ಎದೆ ಹೊಡೆದುಕೊಳ್ಳುತ್ತಿದ್ದರೆ ಶಾಂತವಾಗಿರು ಅಂತ ಮನಸ್ಸಿಗೆ ಹೇಳಬೇಡಿ, ಅದು ಕೇಳಲ್ಲ. ಅದರ ಬದಲು 'ಹುರುಪಾಗಿದೆ' ಅಂತ ಅಂದುಕೊಂಡವರು ಭಾಷಣ, ಹಾಡು, ಲೆಕ್ಕ ಮೂರರಲ್ಲೂ ಚೆನ್ನಾಗಿ ಮಾಡಿದರು ಅಂತ 2014ರ ಒಂದು ಅಧ್ಯಯನ ಹೇಳುತ್ತೆ. ಬೈಕ್ ಮೇಲೆ ಹೆಲ್ಮೆಟ್ ಒಳಗೆ ಹೇಳಿಕೊಳ್ಳಿ, ಯಾರಿಗೂ ಕೇಳಲ್ಲ.

ರೇಟ್ ಹೇಳಿದ ಮೇಲೆ ಮಾತ್ರ ಬಾಯಿ ಮುಚ್ಚಿಕೊಂಡಿರಿ. ಹೊಸಬರು ಅಲ್ಲೇ ಗಾಬರಿಯಾಗಿ, ಎದುರಿನವರು ಏನೂ ಕೇಳುವ ಮುಂಚೆಯೇ 'ನೋಡೋಣ ಸಾರ್, ಸ್ವಲ್ಪ ಕಮ್ಮಿ ಮಾಡಿಸ್ತೀನಿ' ಅಂದುಬಿಡುತ್ತಾರೆ. ಅವರು ಕ್ಯಾಲ್ಕುಲೇಟರ್ ಒತ್ತುತ್ತಿರಬಹುದು, ಒತ್ತಲಿ.

ನೀವು ಯಾವ ಮಾಲು ಮಾರುತ್ತಿದ್ದೀರಿ ಅಂತ ಬರೆದಿಲ್ಲ. ಹನಿ ನೀರಾವರಿಯ ಡ್ರಿಪ್ಪೋ, ಗಿಡದ ಬುಡಕ್ಕೆ ಹಾಸುವ ಮಲ್ಚಿಂಗ್ ಶೀಟೋ ಆಗಿದ್ದರೆ ನಾಟಿಗೆ ಮುಂಚೆಯೇ ಹಳ್ಳಿ ಸುತ್ತಿ ಬನ್ನಿ. ಟೊಮೆಟೊ ಕೀಳುವ ಹೊತ್ತಲ್ಲಿ ಹೋದರೆ ಯಾರೂ ಮಾತಿಗೇ ಸಿಗಲ್ಲ.