ಓದುಗರ ಪ್ರಶ್ನೆ, ವಕೀಲರ ಉತ್ತರ: ಪಕ್ಕದ ಕ್ವಾರಿ ದೊಡ್ಡದಾಗುವ ಮುನ್ನ

ಪ್ರಶ್ನೆ: ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆಯ ಸಣ್ಣ ಊರು. ಊರ ಪಕ್ಕದ ಗುಡ್ಡದಲ್ಲಿ ಒಂಬತ್ತು ಎಕರೆಯ ಕಲ್ಲು ಕ್ವಾರಿ ನಡೆಯುತ್ತಿದೆ. ಈಗ ಅದಕ್ಕೆ ಅಂಟಿಕೊಂಡಿರುವ ಎಂಟು ಎಕರೆ ಗೋಮಾಳಕ್ಕೂ ಗುತ್ತಿಗೆ ಕೇಳಿದ್ದಾರೆ. ಅರ್ಜಿ ಮಾಲೀಕರ ಬಾಮೈದನ ಹೆಸರಿನಲ್ಲಿದೆಯಂತೆ. ಧೂಳೆಲ್ಲ ಹಿಪ್ಪುನೇರಳೆ ತೋಟದ ಮೇಲೆ ಕೂರುತ್ತದೆ. ಸೊಪ್ಪನ್ನು ತೊಳೆದು ಹಾಕಿದರೆ ರೇಷ್ಮೆ ಹುಳುವಿಗೆ ರೋಗ ಬರುತ್ತದೆ, ಹಾಗೆಯೇ ಹಾಕಿದರೆ ಹುಳು ತಿನ್ನುವುದಿಲ್ಲ. ಹೋದ ಬೆಳೆಯಲ್ಲಿ ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳುಗಳಿಗೆ ನನ್ನ ಹೆಂಡತಿ ಒಂದೊಂದೇ ಎಲೆಯನ್ನು ಬಟ್ಟೆಯಲ್ಲಿ ಒರೆಸಿ ಹಾಕಿದಳು. ವಿಸ್ತರಣೆ ಬೇಡವೆಂದು ಗ್ರಾಮಸಭೆಯಲ್ಲಿ ಒಮ್ಮತದ ನಿರ್ಣಯ ಮಾಡಿ ತಹಶೀಲ್ದಾರರಿಗೆ ಕೊಟ್ಟಿದ್ದೇವೆ. ಇಷ್ಟು ಸಾಕೇ? ಇಲ್ಲವಾದರೆ ಟಿಪ್ಪರ್‌ಗಳನ್ನು ತಡೆಯೋಣ ಎಂದು ಹುಡುಗರು ಹೇಳುತ್ತಿದ್ದಾರೆ.
(ಹೆಸರು ಬೇಡ ಎಂದವರು)

ಉತ್ತರ: ಸಾಲದು. ಸಂವಿಧಾನದ ಐದನೇ ಅನುಸೂಚಿಯ ಬುಡಕಟ್ಟು ಪ್ರದೇಶಗಳಲ್ಲಿ ಗ್ರಾಮಸಭೆಯ ಮಾತಿಗೆ ಇರುವ ತೂಕ ನಮ್ಮಲ್ಲಿ ಇಲ್ಲ, ಏಕೆಂದರೆ ಕರ್ನಾಟಕದಲ್ಲಿ ಅಂತಹ ಪ್ರದೇಶವೇ ಇಲ್ಲ. ನಿಮ್ಮ ನಿರ್ಣಯ ಕಡತದಲ್ಲಿ ಒಂದು ಒಳ್ಳೆಯ ಹಾಳೆಯಾಗಿ ಉಳಿಯುತ್ತದೆ, ಆದರೆ ಅದೊಂದೇ ಗುತ್ತಿಗೆಯನ್ನು ತಡೆಯಲಾರದು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬಾಮೈದನ ಹೆಸರು. ಇಲ್ಲಿ ನೋಡಬೇಕಾದ ಮಿತಿ ಐದು ಹೆಕ್ಟೇರ್, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 12 ಎಕರೆ 14 ಗುಂಟೆ. ಅದಕ್ಕಿಂತ ಚಿಕ್ಕ ಕ್ವಾರಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದರೂ, ಸಾಮಾನ್ಯವಾಗಿ ಆ ಅಳತೆಯೊಳಗಿನ ಅರ್ಜಿಗೆ ಸಾರ್ವಜನಿಕ ಆಲಿಕೆ ಸಭೆ ನಡೆಸುವ ಅಗತ್ಯ ಇರುವುದಿಲ್ಲ. ಒಂಬತ್ತು ಎಕರೆ ಬೇರೆ, ಎಂಟು ಎಕರೆ ಬೇರೆ ಎಂದು ತೋರಿಸಿದರೆ ಎರಡೂ ಮಿತಿಯೊಳಗೇ ಇರುತ್ತವೆ. ಒಟ್ಟು ಮಾಡಿದರೆ 17 ಎಕರೆ, ಅಂದರೆ ಸುಮಾರು 6.9 ಹೆಕ್ಟೇರ್, ಮಿತಿ ಮೀರುತ್ತದೆ. ಒಂದು ಗುತ್ತಿಗೆಯ ಅಂಚಿನಿಂದ ಇನ್ನೊಂದರ ಅಂಚಿಗೆ 500 ಮೀಟರಿಗಿಂತ ಕಡಿಮೆ ಅಂತರವಿದ್ದರೆ, ಮಾಲೀಕರು ಯಾರೇ ಆಗಿರಲಿ, ಅವನ್ನು ಒಂದೇ ಗುಂಪಾಗಿ ಎಣಿಸಬೇಕೆಂದು ಪರಿಸರ ಅನುಮತಿಯ ನಿಯಮಗಳಿರುವ 2006ರ ಕೇಂದ್ರ ಅಧಿಸೂಚನೆಗೆ 2016ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ. ಇದಕ್ಕೊಂದು ಅಪವಾದವಿದೆ: 2016ರ ಜನವರಿ 15ರ ಹೊತ್ತಿಗೆ ಪರಿಸರ ಅನುಮತಿ ಪಡೆದಿದ್ದ ಗುತ್ತಿಗೆಗಳನ್ನು ಗುಂಪಿನ ವಿಸ್ತೀರ್ಣಕ್ಕೆ ಸೇರಿಸುವುದಿಲ್ಲ. ಆದ್ದರಿಂದ ನೀವು ಮೊದಲು ತಿಳಿಯಬೇಕಾದದ್ದು ಹಳೆಯ ಕ್ವಾರಿಗೆ ಅನುಮತಿ ಸಿಕ್ಕಿದ ತಾರೀಖು.

ಅರ್ಜಿದಾರರು ಇದನ್ನು ‘ವಿಸ್ತರಣೆ’ ಎಂದು ಒಪ್ಪಿಕೊಂಡರೆ ನಿಮಗೆ ಮತ್ತೊಂದು ಬಾಗಿಲು ತೆರೆಯುತ್ತದೆ. ವಿಸ್ತರಣೆ ಕೇಳುವವರು ಹಳೆಯ ಅನುಮತಿಯ ಷರತ್ತುಗಳನ್ನು ಪಾಲಿಸಿದ್ದೇವೆಂದು ತೋರಿಸಬೇಕಾಗುತ್ತದೆ. ರಸ್ತೆಗೆ ನೀರು ಚಿಮುಕಿಸುವುದು, ಗುತ್ತಿಗೆಯ ಅಂಚಿನಲ್ಲಿ ಗಿಡ ಬೆಳೆಸುವುದು, ಲಾರಿಗಳಿಗೆ ಟಾರ್ಪಾಲು ಹೊದಿಸುವುದು ಇಂತಹ ಷರತ್ತುಗಳಲ್ಲಿ ಸಾಮಾನ್ಯವಾಗಿ ಇರುತ್ತವೆ. ಅವರು ಪ್ರತಿವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ಪಾಲನಾ ವರದಿ ಸಲ್ಲಿಸಬೇಕು, ಮತ್ತು 2006ರ ಅಧಿಸೂಚನೆಯ ಪ್ರಕಾರ ಆ ವರದಿಗಳು ಸಾರ್ವಜನಿಕ ದಾಖಲೆಗಳು. ಅರ್ಜಿ ಹಾಕಿದ ಯಾರಿಗೇ ಆಗಲಿ ಪ್ರತಿ ಕೊಡಬೇಕು. ಗಿಡ ನೆಟ್ಟಿದ್ದೇವೆ ಎಂದು ಬರೆದಿರುವ ಆ ವರದಿಯನ್ನು ಹಿಡಿದು ನೀವು ಗುಡ್ಡದ ಅಂಚಿಗೆ ಹೋಗಿ ಫೋಟೊ ತೆಗೆಯಿರಿ. ಅಲ್ಲಿ ಒಣಗಿದ ಕಡ್ಡಿಗಳು ಮಾತ್ರ ಇದ್ದರೆ ಆ ಒಂದು ಫೋಟೊ ನಿಮ್ಮ ನೂರು ಸಹಿಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ನನ್ನ ಮೇಜಿಗೆ ಬರುವ ತಕರಾರು ಅರ್ಜಿಗಳಲ್ಲಿ ಹೆಚ್ಚಿನವು ‘ಸದರಿ ಗಣಿಗಾರಿಕೆಯಿಂದ ಗ್ರಾಮಸ್ಥರಿಗೆ ತುಂಬಾ ತೊಂದರೆಯಾಗುತ್ತಿದ್ದು’ ಎಂದು ಶುರುವಾಗಿ ಅಲ್ಲಿಯೇ ಮುಗಿಯುತ್ತವೆ. ನಿಮ್ಮ ಮನೆಯವರು ಎಲೆ ಒರೆಸಿದ್ದು ಯಾವ ತಾರೀಖು, ಯಾವ ಸರ್ವೆ ನಂಬರಿನ ತೋಟದ ಸೊಪ್ಪು, ಅದು ಕ್ವಾರಿಯಿಂದ ಎಷ್ಟು ದೂರ, ಆ ಬೆಳೆಯಲ್ಲಿ ಮಾರುಕಟ್ಟೆಗೆ ಹೋದ ಗೂಡು ಎಷ್ಟು ಕೆ.ಜಿ., ಹಿಂದಿನ ವರ್ಷ ಇದೇ ಬೆಳೆಗೆ ಎಷ್ಟು ಎಂಬುದನ್ನು ಮಾರುಕಟ್ಟೆಯ ರಸೀದಿಗಳ ಜೊತೆ ಬರೆಯಿರಿ. ಜಿಲ್ಲಾಧಿಕಾರಿ, ಗಣಿ ಮತ್ತು ಭೂವಿಜ್ಞಾನ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿ ಮೂವರಿಗೂ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮೊಹರಿಲ್ಲದ ಅರ್ಜಿ ಕೊಟ್ಟಿದ್ದೂ ಒಂದೇ, ಕೊಡದಿದ್ದರೂ ಒಂದೇ.

ಸಾರ್ವಜನಿಕ ಆಲಿಕೆ ಸಭೆ ನಿಗದಿಯಾದರೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು. ಕ್ವಾರಿಯ ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿಯೂ ಸಿಗಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕಡಿಮೆಯಿಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು. ಕಲಾಪವೆಲ್ಲ ವಿಡಿಯೊ ಆಗಬೇಕು. ಕೊನೆಗೆ ನಡಾವಳಿಯನ್ನು ಸೇರಿದವರಿಗೆ ನಮ್ಮ ಭಾಷೆಯಲ್ಲಿ ಓದಿ ತಿಳಿಸಬೇಕು. ಹಲವು ಊರುಗಳವರು ಸಿಟ್ಟಿನಿಂದ ಸಭೆಯನ್ನು ಬಹಿಷ್ಕರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಏಕೆಂದರೆ ಈ ಸಭೆಗೆ ಕೋರಂ ಎಂಬುದೇ ಇಲ್ಲ. ಹತ್ತು ಜನ ಬಂದರೂ ಸಭೆ ನಡೆದಂತೆಯೇ. ಗಲಾಟೆ ಇನ್ನೂ ಕೆಟ್ಟದ್ದು. ಸ್ಥಳೀಯರು ಮುಕ್ತವಾಗಿ ಮಾತನಾಡುವ ಪರಿಸ್ಥಿತಿ ಇಲ್ಲವೆಂದು ವರದಿಯಾದರೆ, ಆಲಿಕೆಯನ್ನೇ ಕೈಬಿಟ್ಟು ಮುಂದುವರಿಯಲು ಪರಿಸರ ಅನುಮತಿ ಕೊಡುವ ಪ್ರಾಧಿಕಾರಕ್ಕೆ ಅಧಿಸೂಚನೆಯಲ್ಲಿಯೇ ಅವಕಾಶವಿದೆ. ಟಿಪ್ಪರ್ ತಡೆಯಲು ಹೊರಟ ಹುಡುಗರಿಗೆ ಈ ಮಾತನ್ನು ಓದಿ ಹೇಳಿ. ಅವರ ಮೇಲೆ ಕೇಸು ಬೀಳುವುದಂತೂ ಇದ್ದೇ ಇದೆ.

ನೀವು ಚಿಕ್ಕಬಳ್ಳಾಪುರ ಜಿಲ್ಲೆಯವರಾದ್ದರಿಂದ ಇನ್ನೊಂದು ಮಾತು. 2021ರ ಫೆಬ್ರುವರಿಯಲ್ಲಿ ನಿಮ್ಮ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ ಬಂಡೆ ಸಿಡಿಸುವ ಜಿಲೆಟಿನ್ ಸ್ಫೋಟಗೊಂಡು ಆರು ಮಂದಿ ಸತ್ತರು; ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕ ತುಂಬಿದ್ದ ಲಾರಿ ಸಿಡಿದಿತ್ತು. ನಿಮ್ಮ ಗುಡ್ಡಕ್ಕೆ ಸ್ಫೋಟಕ ಯಾರ ಪರವಾನಗಿಯ ಮೇಲೆ ಬರುತ್ತದೆ, ರಾತ್ರಿ ಎಲ್ಲಿಡುತ್ತಾರೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಕ್ವಾರಿಯಲ್ಲಿ ಕೂಲಿ ಮಾಡುವ ನಿಮ್ಮೂರಿನವರಿಗೂ ಇದರ ಉತ್ತರ ಬೇಕು, ಬಹುಶಃ ನಿಮಗಿಂತ ಹೆಚ್ಚಾಗಿ.

ಅನುಮತಿ ಕೊಟ್ಟೇಬಿಟ್ಟರೆ, ಆದೇಶ ತಿಳಿದ 30 ದಿನಗಳೊಳಗೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಮೇಲ್ಮನವಿ ಸಲ್ಲಿಸಬೇಕು. ಸಕಾರಣವಿದ್ದರೆ ಇನ್ನೂ 60 ದಿನ ಸಿಗುತ್ತದೆ, ಆಮೇಲೆ ಒಂದು ದಿನವೂ ಇಲ್ಲ. ಆದ್ದರಿಂದ ಊರಿನಲ್ಲಿ ಯಾರಾದರೊಬ್ಬರು ಪರಿಸರ ಅನುಮತಿಯ ಅರ್ಜಿ, ಆದೇಶಗಳನ್ನು ಹಾಕುವ ಸರ್ಕಾರದ ಪರಿವೇಶ್ ಪೋರ್ಟಲನ್ನು ವಾರಕ್ಕೊಮ್ಮೆಯಾದರೂ ನೋಡುತ್ತಿರಲಿ.

ಪ್ರಶ್ನೆ: ಕ್ವಾರಿಯಲ್ಲಿ ಬ್ಲಾಸ್ಟ್ ಮಾಡಿದಾಗಲೆಲ್ಲ ಪಾತ್ರೆಗಳು ಅದುರುತ್ತವೆ, ಗೋಡೆ ಬಿರುಕು ಬಿಟ್ಟಿದೆ. ‘ಮನೆ ಹಳೆಯದು, ಅದಕ್ಕೇ ಬಿರುಕು’ ಎನ್ನುತ್ತಾರೆ. ಸಾಬೀತು ಮಾಡುವುದು ಹೇಗೆ?
(ಒಬ್ಬ ಓದುಗರು, ಮಂಡ್ಯ ಜಿಲ್ಲೆ)

ಉತ್ತರ: ಕನ್ನಂಬಾಡಿ ಕಟ್ಟೆಯ ಸುತ್ತಲಿನ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ಹೈಕೋರ್ಟ್ 2024ರ ಜನವರಿಯಲ್ಲಿ ತಡೆದದ್ದು ಅಣೆಕಟ್ಟೆ ಸುರಕ್ಷತಾ ಕಾಯ್ದೆಯ ಬಲದಿಂದ. ಮನೆಗೆ ಅಂತಹ ಪ್ರತ್ಯೇಕ ಕಾಯ್ದೆ ಇಲ್ಲ, ಆದರೆ ಅಳತೆಯೊಂದಿದೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯ ಪ್ರಕಾರ, ಗಣಿ ಮಾಲೀಕರದ್ದಲ್ಲದ ಸಾಮಾನ್ಯ ಮನೆಗಳ ಬಳಿ ನೆಲದ ಕಂಪನ, ಅದರ ಆವರ್ತನ 8 ಹರ್ಟ್ಸ್‌ಗಿಂತ ಕಡಿಮೆ ಇದ್ದಾಗ, ಸೆಕೆಂಡಿಗೆ 5 ಮಿ.ಮೀ. ಮೀರಬಾರದು. ನಿಮ್ಮ ಅರ್ಜಿಯಲ್ಲಿ ಪರಿಹಾರ ಕೇಳುವ ಮೊದಲು, ನಿಮ್ಮ ಮನೆಯ ಬಾಗಿಲಲ್ಲೇ ಕಂಪನಮಾಪಕ ಇಟ್ಟು ಅಳೆಯಿರಿ ಎಂದು ಕೇಳಿ. ಅಳೆಯುವ ದಿನ ಮದ್ದು ಕಡಿಮೆ ತುಂಬುತ್ತಾರೆ ಎಂಬ ಅನುಮಾನ ನಿಮಗೆ ಬಂದರೆ ಅದು ಸಹಜ. ಅದಕ್ಕಾಗಿ ಎಂದಿನಷ್ಟೇ ಮದ್ದಿನ ಬ್ಲಾಸ್ಟ್ ಇರಬೇಕೆಂದೂ, ತುಂಬಿದ ಪ್ರಮಾಣವನ್ನು ಮಹಜರಿನಲ್ಲಿ ಬರೆಯಬೇಕೆಂದೂ ಸೇರಿಸಿ.

ಅಲ್ಲಿಯವರೆಗೆ ಬಿರುಕಿನ ಎರಡೂ ತುದಿಗಳಿಗೆ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಅಂಟಿಸಿ, ಅಕ್ಕಪಕ್ಕದ ಇಬ್ಬರ ಎದುರು ಫೋಟೊ ತೆಗೆದಿಡಿ. ಹಳೆಯ ಬಿರುಕು ಸುಮ್ಮನಿದ್ದರೆ ಗಾಜು ಹಾಗೆಯೇ ಇರುತ್ತದೆ. ಬ್ಲಾಸ್ಟ್ ಆದ ದಿನ ಗಾಜು ಒಡೆದರೆ, ಒಡೆದ ಚೂರನ್ನು ಕೀಳದೆ, ಆ ದಿನದ ವೃತ್ತಪತ್ರಿಕೆಯನ್ನು ಪಕ್ಕದಲ್ಲಿ ಹಿಡಿದು ಇನ್ನೊಂದು ಫೋಟೊ ತೆಗೆಯಿರಿ.