ಸಂಪಾದಕರ ಉತ್ತರ: ಅಕ್ಕತಂಗಿಯರ ವೈಷಮ್ಯಕ್ಕೆ ಕಾರಣ ಬೇಡವೇ?

ವಿರಾಜಪೇಟೆಯ ಓದುಗರಿಗೆ, ನಮಸ್ಕಾರ.

ಅಕ್ಕತಂಗಿಯರ ಕಾದಂಬರಿಯಲ್ಲಿ ಅವರ ವೈಷಮ್ಯಕ್ಕೆ ತಕ್ಕ ಕಾರಣವಿಲ್ಲ ಎಂದ ಕಳೆದ ಸಂಚಿಕೆಯ ವಿಮರ್ಶೆ ನಿಮಗೆ ನೋವು ತಂದಿದೆ. ‘ನಮ್ಮ ಕೊಡಗಿನ ಹೊಸ ಲೇಖಕಿಯ ಚೊಚ್ಚಲ ಕೃತಿ, ಇಷ್ಟು ಖಾರವೇಕೆ? ಒಡಹುಟ್ಟಿದವರ ಅಸೂಯೆಗೆ ಕಾರಣವೂ ಬೇಕೇ?’ ಎಂದು ಕೇಳಿದ್ದೀರಿ. ನಾನೂ ಆ ಪುಸ್ತಕವನ್ನು ಆಸೆಯಿಂದಲೇ ಕೈಗೆತ್ತಿಕೊಂಡವನು. ನಿರಾಸೆ ಹೆಚ್ಚಾದದ್ದೂ ಅದಕ್ಕೇ.

ಒಡವೆ ಹಂಚುವ ಪ್ರಸಂಗವನ್ನೇ ನೋಡಿ. ತಾಯಿಯ ಮಾದ, ಅಂದರೆ ಸಾವಿನ ನಂತರದ ಕರ್ಮ, ಮುಗಿದ ಸಂಜೆ ಪತ್ತಾಕ್, ಜೋಮಾಲೆ, ಕೊಕ್ಕೆತಾತಿ ಎಂಬ ಕೊರಳ ಹಾರಗಳನ್ನು ಚಾಪೆಯ ಮೇಲಿಟ್ಟು ಇಬ್ಬರೂ ಎದುರುಬದುರು ಕೂರುತ್ತಾರೆ. ಕೊಕ್ಕೆತಾತಿಯ ಹಿಂಬದಿಯ ಬೆಸುಗೆ ಅಕ್ಕನ ಬೆರಳಿಗೆ ತಾಗುತ್ತದೆ. ಯಾವಾಗ ಮುರಿಯಿತು, ಸರಿ ಮಾಡಿಸಿದವರು ಯಾರು ಎಂದು ಅವಳು ಕೇಳುವುದಿಲ್ಲ, ತಂಗಿ ಹೇಳುವುದೂ ಇಲ್ಲ. ಎಂಥ ಬರವಣಿಗೆ! ಆದರೆ ಎರಡೇ ಪುಟ. ಮೂರನೆಯ ಪುಟದಲ್ಲಿ ಹಳೆಯ ಪ್ರಿಯಕರ ಜೀಪಿನಿಂದ ಇಳಿಯುತ್ತಾನೆ. ಅಲ್ಲಿಂದಾಚೆಗೆ ಐವತ್ತರ ಆಸುಪಾಸಿನ ಇಬ್ಬರು ಹೆಂಗಸರು ಅವನೊಬ್ಬನಿಗಾಗಿಯೇ ಮುನಿಯುತ್ತಾರೆ, ಅಳುತ್ತಾರೆ.

ನಿಜವಾದ ಕಾರಣಗಳೆಲ್ಲ ಪುಸ್ತಕದಲ್ಲೇ ಇವೆ, ಒಂದೊಂದು ಸಾಲಿನಲ್ಲಿ. ಗಂಡುಮಕ್ಕಳಿಲ್ಲದ ಮನೆ. ಒಕ್ಕ, ಅಂದರೆ ಮನೆತನ, ಅಳಿಯಬಾರದೆಂದು ತಂಗಿಗೆ ಮಕ್ಕಪರಿಜೆ ಎಂಬ ಪದ್ಧತಿಯ ಮದುವೆ, ಅದರಂತೆ ಅವಳ ಮಕ್ಕಳು ತಾಯಿಯ ಒಕ್ಕಕ್ಕೇ ಸೇರಿದವರು. ಮದುವೆಯಾಗಿ ಮೈಸೂರಿಗೆ ಹೋದ ಅಕ್ಕ ಹುಟ್ಟಿದ ಐನ್‌ಮನೆಗೆ, ಅಂದರೆ ಮನೆತನದ ಮೂಲಮನೆಗೆ, ನೆಂಟಳಂತೆ ಬಂದು ಹೋಗಬೇಕು. ಇತ್ತ ಹಿಂದೂ ಉತ್ತರಾಧಿಕಾರ ಕಾನೂನಿನ 2005ರ ತಿದ್ದುಪಡಿ, ಮದುವೆಯಾದ ಮಗಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕಿದೆ ಎನ್ನುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಸಾಲ ಮಾಡಿ ಸ್ಪ್ರಿಂಕ್ಲರ್ ಹಾಕಿಸಿ ಕಾಫಿ ಬೆಳೆ ಉಳಿಸಿದವಳು ತಂಗಿ. ತಾಯಿಯ ಮಲಮೂತ್ರ ಬಳಿದವಳೂ ಅವಳೇ. ಇಬ್ಬರ ಕಡೆಗೂ ನ್ಯಾಯವಿದೆ. ಸುಗ್ಗಿಯ ಹಬ್ಬವಾದ ಹುತ್ತರಿಯ ರಾತ್ರಿ ಹೊಸ ಭತ್ತದ ಕದಿರು ಒಳಗೆ ಬರುವಾಗ ಐನ್‌ಮನೆಯ ನಡುಮನೆಯಾದ ಆ ನೆಲ್ಲಕ್ಕಿಯಲ್ಲಿ ಅಕ್ಕ ಎಲ್ಲಿ ನಿಲ್ಲಬೇಕು? ಈ ಒಂದು ಪ್ರಶ್ನೆಗೆ ಇಡೀ ಕಾದಂಬರಿಯನ್ನು ಹೊರುವ ಶಕ್ತಿಯಿತ್ತು. ಲೇಖಕಿ ಅದನ್ನು ಬಿಟ್ಟು ಮಂಜಿಗೆ, ತೊರೆಗೆ, ಏಲಕ್ಕಿಯ ಪರಿಮಳಕ್ಕೆ ಅಧ್ಯಾಯಗಳನ್ನೇ ಕೊಟ್ಟಿದ್ದಾರೆ. ಅದು ಪ್ರವಾಸಿಗರು ಕಾಣುವ ಕೊಡಗು. ನೀವೂ ನಾನೂ ಬದುಕುವ ಕೊಡಗಲ್ಲ.

ಇನ್ನೊಂದು ಮಾತು. ತಂಗಿ ಮೊದಲ ಪುಟದಿಂದಲೇ ಕೆಟ್ಟವಳು. ಅವಳ ಮನಸ್ಸಿನೊಳಕ್ಕೆ ಲೇಖಕಿ ಒಮ್ಮೆಯೂ ಇಳಿಯುವುದಿಲ್ಲ. ಒಬ್ಬಳನ್ನೇ ನಂಬಿ ಬರೆದರೆ ಪೈಪೋಟಿ ಎಲ್ಲಿಂದ ಹುಟ್ಟೀತು?

ಹೊಸಬರೆಂದು ರಿಯಾಯಿತಿ ತೋರಿಸಿ ಎನ್ನುತ್ತೀರಿ. ಆ ಎರಡು ಪುಟ ಬರೆಯಬಲ್ಲವರಿಗೆ ರಿಯಾಯಿತಿ ಕೊಡುವುದು ಅವಮಾನವೆಂದೇ ನಾನು ತಿಳಿಯುತ್ತೇನೆ. ನಿಮ್ಮ ಪತ್ರವನ್ನು ಇದೇ ಸಂಚಿಕೆಯಲ್ಲಿ ಪೂರ್ತಿಯಾಗಿ ಪ್ರಕಟಿಸಿದ್ದೇವೆ. ಲೇಖಕಿ ಉತ್ತರ ಬರೆದರೆ ಅದಕ್ಕೂ ಇಷ್ಟೇ ಜಾಗ ಕೊಡುತ್ತೇವೆ.