ಬಡ ದೇಶಗಳು ಶ್ರೀಮಂತ ದೇಶಗಳನ್ನು ತಾವಾಗಿಯೇ ಸರಿಗಟ್ಟುತ್ತವೆಯೇ?

ಸುಮ್ನೆ ಕಾದರೆ ಇಲ್ಲ. ಈ ಆಸೆಯ ಬೇರು ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ 1956ರಲ್ಲಿ ಕೊಟ್ಟ ಆರ್ಥಿಕ ಬೆಳವಣಿಗೆಯ ಮಾದರಿಯಲ್ಲಿದೆ. ಶಿಡ್ಲಘಟ್ಟದಲ್ಲಿ ಚರಕದಿಂದ ರೇಷ್ಮೆ ನೂಲು ತೆಗೆಯುವವರಿಗೆ ಮೊದಲ ಯಂತ್ರ ಸಿಕ್ಕರೆ ಉತ್ಪಾದನೆ ಜಿಗಿಯುತ್ತದೆ. ಹತ್ತು ಯಂತ್ರ ಇರುವವರಿಗೆ ಹನ್ನೊಂದನೆಯದು ಅಷ್ಟು ಲಾಭ ತರುವುದಿಲ್ಲ, ಅಲ್ವಾ? ಹಾಗೆಯೇ ಬಂಡವಾಳ ಕಡಿಮೆ ಇರುವ ದೇಶ ಜಾಸ್ತಿ ವೇಗವಾಗಿ ಬೆಳೆಯಬೇಕು. ದಕ್ಷಿಣ ಕೊರಿಯಾ ಬೆಳೆಯಿತು. ಆಫ್ರಿಕಾದ ಎಷ್ಟೋ ದೇಶಗಳು ಹಿಂದೆಯೇ ಉಳಿದವು.

ಶಿಕ್ಷಣ, ಉಳಿತಾಯ, ನಂಬಬಹುದಾದ ಆಡಳಿತ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರೆ ಮಾತ್ರ ಅಂತರ ಕಿರಿದಾಗುತ್ತದೆ.

ಬರೀ ಬಂಡವಾಳ ಸಾಲದು ಅನ್ನುವುದಕ್ಕೆ ನಮ್ಮ ಕೋಲಾರವೇ ಸಾಕ್ಷಿ. ಕೆಜಿಎಫ್ ಗಣಿಗಳಿಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂತು. ಲಾಭ ಬ್ರಿಟಿಷ್ ಕಂಪನಿಗೆ ಹೋಯಿತು. 2001ರಲ್ಲಿ ಗಣಿ ಮುಚ್ಚಿತು. ಅಲ್ಲಿನ ಎಷ್ಟೋ ಜನ ಇಂದಿಗೂ ಕೆಲಸಕ್ಕೆ ಬೆಂಗಳೂರಿನ ರೈಲು ಹತ್ತುತ್ತಾರೆ.